ಉಡಿ ತುಂಬಿಸಿಕೊಂಡ ರೇಡಿಯೋ

ಎರಿಹಾಳ ಗ್ರಾಮದಲ್ಲಿ ಕಸದ ತೀವ್ರ ಅಭಾವವಿದೆ ಎಂಬ ಸಂಗತಿಯು ಮಂಡಲ ಪಂಚಾಯ್ತಿಗಳು ಹೊಸದಾಗಿ ಬಂದ ವರ್ಷ ಸರಕಾರದ ಗಮನಕ್ಕೆ ಬಂದಿತು. ಅದಕ್ಕೂ ಮೊದಲು ಊರಿಗೆ ಕುಡಿಯುವ ನೀರಿಲ್ಲ, ಮಳೆಗಾಲದಲ್ಲಿ ಎರಿ ಮಣ್ಣಿನೊಳಗೆ ಹುಗಿದ ಬಸ್ಸಿಗೆ ಬಿಡುಗಡೆಯಿಲ್ಲ ಎಂದೆಲ್ಲ ಊರವರು ಅರ್ಜಿ ಗುಜರಾಯಿಸಿದ್ದುಂಟು. ಅವು ಗಮನಕ್ಕೆ ಬಂದಿರಲಿಲ್ಲ. ಕಸದ ಅಭಾವವನ್ನು ಮಾತ್ರ ಸರಕಾರ ಯಾರೂ ಕೇಳದೆ ತಾನಾಗಿಯೇ ಕಂಡುಹಿಡಿಯಿತು.

ಹಿನ್ನೆಲೆ ಇಷ್ಟೇ. ದೊಡ್ಡ ಅಧಿಕಾರಿಯೊಬ್ಬರು ಪರದೇಶಕ್ಕೆ ಹೋಗಿ, ಅಲ್ಲಿಯ ಜನ ಕೆಟ್ಟ ರೇಡಿಯೋ, ಸತ್ತ ಸೆಲ್ಲುಗಳನ್ನು ಒಂದೆಡೆ ಗುಡ್ಡೆ ಹಾಕಿ ಮತ್ತೆ ಬಳಕೆಗೆ ತರುವುದನ್ನು ಕಣ್ಣಾರೆ ಕಂಡು ಬಂದಿದ್ದರು. ಬಂದವರೇ 'ನಿರುಪಯುಕ್ತ ವಿದ್ಯುನ್ಮಾನ ವಸ್ತು ಪುನರ್ಬಳಕೆ ಉತ್ತೇಜನ ಘಟಕ'ವನ್ನು ತೆರೆದರು. ಪ್ರತಿ ಗ್ರಾಮವೂ ಕನಿಷ್ಠ ಒಂದು ಚಕ್ಕಡಿ ಕಸವನ್ನು ಸ್ವಇಚ್ಛೆಯಿಂದ ಕೊಡತಕ್ಕದ್ದು, ತಪ್ಪಿದಲ್ಲಿ ಗ್ರಾಮಸೇವಕನ ಮೇಲೆ ಕ್ರಮ ಜರುಗಿಸಲಾಗುವುದು ಎಂದು ಆದೇಶವಾಯಿತು.

ಎರಿಹಾಳದ ಗ್ರಾಮಸೇವಕ ಮಡಿವಾಳೆಪ್ಪ. ಪಾಪದವ. ಹೊಗೆಯಿಲ್ಲದ ಒಲೆ ಹಂಚು ಎಂದರೆ ಹಂಚಿದ, ಹೈಬ್ರಿಡ್ ಬೀಜ ಹಂಚು ಎಂದರೆ ಹಂಚಿದ. ಒಲೆಯೊಳಗೆ ಹೊಗೆ ಬಂತು, ಬೀಜದೊಳಗೆ ಏನೂ ಬರಲಿಲ್ಲ. ತನಗೆ ಬರುವ ವಿದ್ಯೆ ಒಂದೇ, ಸರಕಾರದ ಕಾಗದವನ್ನು ಗಟ್ಟಿಯಾಗಿ ಓದುವುದು ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಊರವರು ಇಲ್ಲ ಎನ್ನುತ್ತಿರಲಿಲ್ಲ.

ಡಂಗುರ ಸಾರುವ ತಿರಕಪ್ಪನಿಗೆ 'ವಿದ್ಯುನ್ಮಾನ' ಎಂಬ ಶಬ್ದ ನಾಲಿಗೆಗೆ ಹೊರಳಲಿಲ್ಲ. ಹಲಗಿ ಬಡಿದು, ಹಳೇ ವಿಮಾನದ ಸಾಮಾನು ಇದ್ದವರು ಚಾವಡಿಗೆ ತಂದು ಒಪ್ಪಿಸಬೇಕೆಂದು ಸಾರಿಬಂದ. ಮರುದಿನ ಗೌರಕ್ಕ ಎಂಬ ಮುದುಕಿ ಬಂದು, ತಮ್ಮ ಮನೆಯಲ್ಲಿ ಹೊಲ ಹರಗುವ ಮುರಿದ ಕುಂಟಿಯೊಂದಿದೆ, ವಿಮಾನ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ ಎಂದು ವಿಷಾದ ವ್ಯಕ್ತಪಡಿಸಿದಳು.

ಮಡಿವಾಳೆಪ್ಪ ಮನೆಮನೆ ತಿರುಗಿ ತಿಳಿಸಿ ಹೇಳಿದ ಮೇಲೆ ನಿಜವಾದ ತೊಡಕು ಹೊರಬಿತ್ತು. ಗೌರಕ್ಕನ ಮನೆಯ ಸತ್ತ ರೇಡಿಯೋದೊಳಗೆ ಕೋಳಿ ಕಾವಿಗೆ ಕೂತಿತ್ತು. ಇನ್ನೊಂದು ರೇಡಿಯೋದ ಸ್ಪೀಕರಿನ ಅಯಸ್ಕಾಂತವನ್ನು ದರ್ಜಿ ಕಾಸೀಮಸಾಬ ಬಿದ್ದ ಸೂಜಿ ಹುಡುಕಲು ಇಟ್ಟುಕೊಂಡಿದ್ದ. ಅದರ ಏರಿಯಲ್ಲು ಶಾಲೆಯ ಮಾಸ್ತರರ ಕೈಯಲ್ಲಿ ಛಡಿಯಾಗಿತ್ತು. ಬ್ಯಾಟರಿಯ ಸೆಲ್ಲು ಸತ್ತರೆ ಬಿಸಿಲಿಗಿಟ್ಟು ಎಬ್ಬಿಸುತ್ತಿದ್ದರು. ಎದ್ದು ಮತ್ತೆ ಸತ್ತರೆ ಒಡೆದು, ಒಳಗಿನ ಕರಿಯನ್ನು ಶಾಲೆಯ ಹಲಗೆಗೆ ಬಳಿಯುತ್ತಿದ್ದರು. ಊರೊಳಗೆ ಒಗೆಯುವ ವಸ್ತು ಎಂಬುದೇ ಇರಲಿಲ್ಲ. ಪುನರ್ಬಳಕೆಗೆ ಉತ್ತೇಜನ ಕೊಡಬೇಕಾದರೆ ಮೊದಲು ಜನ ಬಳಸುವುದನ್ನು ನಿಲ್ಲಿಸಬೇಕಾಗಿತ್ತು.

ಇದನ್ನು ಅವನು ಘಟಕದ ಸಾಹೇಬರಿಗೆ ಅರಿಕೆ ಮಾಡಿಕೊಂಡ. ಸಾಹೇಬರು ಸಮಾಧಾನದಿಂದಲೇ ತಿದ್ದಿದರು.

"ಮಡಿವಾಳೆಪ್ಪ, ಅವರಷ್ಟಕ್ಕ ಅವರು ಬಳಸೂದು ಪುನರ್ಬಳಕಿ ಅಲ್ಲ. ಮೊದಲ ಒಗೀಬೇಕು. ಒಗದದ್ದನ್ನ ಸರಕಾರ ಎತ್ತಬೇಕು. ಎತ್ತಿದ ಮ್ಯಾಲೆ ಅದು ಪುನರ್ಬಳಕಿ. ತಿಳೀತಿಲ್ಲೋ?"

"ತಿಳೀತ್ರಿ," ಎಂದ ಮಡಿವಾಳೆಪ್ಪ. ತಿಳಿದಿರಲಿಲ್ಲ, ಆದರೆ ನೌಕರಿ ಹೋಗುತ್ತದೆ ಎಂಬುದು ತಿಳಿದಿತ್ತು.

ಚಾವಡಿಯ ಮುಂದೆ ಸಭೆ ಕೂಡಿಸಿದ. ಅಂದು ಅವನ ನಾಲಿಗೆಯ ಮೇಲೆ ಸರಸ್ವತಿಯೋ ಶನಿಯೋ ಕುಣಿದಂತಾಯಿತೆನ್ನಿ. ಸತ್ತ ಸೆಲ್ಲಿನೊಳಗೆ ವಿಷವಿದೆ, ಅದು ಮನೆಯಲ್ಲಿದ್ದರೆ ಬ್ಯಾನಿ ಬರುತ್ತದೆ, ದನಕರಕ್ಕೂ ಒಳ್ಳೆಯದಲ್ಲ ಎಂದು ಕಾಗದದಲ್ಲಿದ್ದುದನ್ನು ಓದಿದ. ಅಲ್ಲಿಗೆ ನಿಲ್ಲಿಸಿದ್ದರೆ ಪಾರಾಗುತ್ತಿದ್ದ. ಜನರ ಮುಖದ ಮೇಲೆ ಒಂಚೂರು ಹೆದರಿಕೆ ಕಂಡು ಹುರುಪು ಬಂತು. ಕಾಗದ ಮಡಚಿಟ್ಟು, ಕೈಯೆತ್ತಿ, "ಈ ಪೀಡಾ ನಮ್ಮೂರ ಗಡಿ ದಾಟಬೇಕು!" ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಊರ ಹಿರಿಯ ಮುದಕಪ್ಪ ಕಟ್ಟೆಯ ಮೇಲಿಂದ ತಲೆಯಾಡಿಸಿದ. ಆಮೇಲೆ, ಗ್ರಾಮಸೇವಕರ ಮನೆಯಿಂದ ಮೊದಲು ಏನು ಬರುತ್ತದೆ ಎಂದು ಕೇಳಿದ. ಜನವೆಲ್ಲ ಮಡಿವಾಳೆಪ್ಪನ ಕಡೆ ತಿರುಗಿತು.

ಮಡಿವಾಳೆಪ್ಪನ ಮನೆಯಲ್ಲಿ ಕೆಟ್ಟದ್ದೆಂಬುದು ಅವನ ಹಣೆಬರಹ ಬಿಟ್ಟರೆ ಬೇರೇನೂ ಇರಲಿಲ್ಲ. ಇದ್ದದ್ದು ಹೆಂಡತಿ ಶಿವಗಂಗವ್ವನ ರೇಡಿಯೋ. ಕುಂದಗೋಳದ ಕಡೆಯ ತವರಿನಿಂದ ಅಣ್ಣ ಕೊಟ್ಟು ಕಳಿಸಿದ್ದು. ಚರ್ಮದ ಅಂಗಿ ತೊಟ್ಟು ಅಡಿಗೆಮನೆಯ ಗೂಟಕ್ಕೆ ತೂಗಾಡುತ್ತ, ಧಾರವಾಡದ ಹಾಡು ಹೇಳುತ್ತಿತ್ತು. ಅದು ಹಾಡಿದರೆ ಅವಳು ರೊಟ್ಟಿ ಬಡಿಯುತ್ತ ದನಿಗೂಡಿಸುತ್ತಿದ್ದಳು. ಹಾಡು ಮುಗಿದರೆ ಗಂಡನನ್ನು ಬಯ್ಯುತ್ತಿದ್ದಳು. ಒಟ್ಟಿನಲ್ಲಿ ಮನೆ ತುಂಬಿರುತ್ತಿತ್ತು. ಅವಳು ಅರಿವೆ ಒಗೆಯಲು ಬೆಣ್ಣಿಹಳ್ಳಕ್ಕೆ ಹೋದ ಹೊತ್ತು. ತೋರಿಸಲಿಕ್ಕಷ್ಟೇ ತಂದು, ಸಂಜಿಗೆ ತಿರುಗಿ ಗೂಟಕ್ಕೆ ಹಾಕಿದರಾಯಿತು ಎಂದುಕೊಂಡು ಮಡಿವಾಳೆಪ್ಪ ರೇಡಿಯೋ ತಂದ. ನಿಯಮದ ಪ್ರಕಾರ ಬೆನ್ನಿಗೆ ಕೆಂಪು ಬಣ್ಣದಲ್ಲಿ 'ಕೆಟ್ಟದ್ದು', ಅದರ ಕೆಳಗೆ 'ಗ್ರಾಮಸೇವಕ, ಎರಿಹಾಳ' ಎಂದು ಬರೆದು, ಚಕ್ಕಡಿಯ ಮೇಲಿಟ್ಟ. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ನೋಡಿ, ಬ್ಯಾನಿಯ ಹೆದರಿಕೆಗೆ ಮನೆಮನೆಯಿಂದ ಸೆಲ್ಲು ಬಂದವು, ಕಾಸೀಮಸಾಬನ ಅಯಸ್ಕಾಂತ ಬಂತು, ಗೌರಕ್ಕನ ರೇಡಿಯೋ ಬಂತು. ಕೋಳಿಯನ್ನು ಬುಟ್ಟಿಗೆ ಸ್ಥಳಾಂತರಿಸಲಾಯಿತು. ಅದು ಮೊಟ್ಟೆ ಬಿಟ್ಟೆದ್ದು ಹೋಯಿತು.

ಶಿವಗಂಗವ್ವ ಬಂದು ಗೂಟ ನೋಡಿದಳು. ಗಂಡನನ್ನು ನೋಡಿದಳು. ಅಳಲಿಲ್ಲ, ಬಯ್ಯಲಿಲ್ಲ.

"ಅದರ ದನಿ ನನ್ನ ಕಿವಿಗೆ ಬಿದ್ದ ದಿವಸ, ನನ್ನ ದನಿ ನಿಮ್ಮ ಕಿವಿಗೆ ಬೀಳತೈತಿ," ಎಂದಳು. ಅದೇ ಕೊನೆ. ರೊಟ್ಟಿ ಬಡಿಯುವ ಸಪ್ಪಳವೊಂದೇ ಉಳಿಯಿತು.

ಮಡಿವಾಳೆಪ್ಪ ಅರ್ಧ ರೊಟ್ಟಿಗೇ ಎದ್ದುಬಿಟ್ಟ. ಅವಳು ಬೈದರೆ ತಡೆದುಕೊಳ್ಳುವ ರೂಢಿ ಅವನಿಗಿತ್ತು. ಸುಮ್ಮನಿದ್ದರೆ ಏನು ಮಾಡಬೇಕೆಂದು ಯಾವ ಆದೇಶದಲ್ಲೂ ಬರೆದಿರಲಿಲ್ಲ.

ಸಂಜಿಗೆ ಚಾವಡಿಗೆ ಓಡಿದ. ಅಲ್ಲಿ ಚಕ್ಕಡಿಯೇ ಇಲ್ಲ. ಕಸ ಒಯ್ಯಲು ಬರಬೇಕಾದ ಲಾರಿ ಬಂತೇನೋ ಎಂದರೆ ಅದೂ ಅಲ್ಲ; ಲಾರಿ ಕಾಗದದ ಮೇಲೆ ಹೊರಟು ಕಾಗದದ ಮೇಲೆಯೇ ಪಂಕ್ಚರ್ ಆಗಿ ನಿಂತಿತ್ತು. ಮುದಕಪ್ಪ ಕಟ್ಟೆಯ ಮೇಲೆ ಕಾಲು ತೊಳೆದುಕೊಂಡು ಕೂತಿದ್ದ.

"ಮುದಕಪ್ಪಜ್ಜಾ, ಚಕ್ಕಡಿ ಎಲ್ಲಿ?"

"ಗಡಿ ದಾಟಿಸಿ ಬಂದ್ವಿ. ನೀವಽ ಹೇಳಿದ್ರೆಲ್ರಿ?"

ಹೌದು, ಅವನೇ ಹೇಳಿದ್ದ. ಊರಿಗೆ ಬ್ಯಾನಿ ಬಂದಾಗ ಬ್ಯಾನಿಯ ದೇವತೆಯಾದ ತಾಯಿಯನ್ನು ಚಕ್ಕಡಿಯಲ್ಲಿ ಕೂಡಿಸಿ, ಹೆಂಗಸರು ಉಡಿ ತುಂಬಿ, ಮುಂದಿನೂರ ಗಡಿಯಲ್ಲಿ ಬಿಟ್ಟು, ತಿರುಗಿ ನೋಡದೆ ಬರುವುದು ಆ ಸೀಮೆಯ ಪದ್ಧತಿ. ಆ ಊರವರು ತಮ್ಮ ಉಡಿ ತುಂಬಿ, ತಮ್ಮ ಎತ್ತು ಹೂಡಿ, ಅದರ ಮುಂದಿನ ಗಡಿಗೆ ಒಯ್ಯುತ್ತಾರೆ. ಯಾರೂ ಬರಿಗೈಲೆ ಕಳಿಸುವುದಿಲ್ಲ. ಒಮ್ಮೆ ಗಡಿ ದಾಟಿದ ಚಕ್ಕಡಿಯಿಂದ ಒಂದು ಕಡ್ಡಿಯನ್ನೂ ಯಾರೂ ತೆಗೆಯುವಂತಿಲ್ಲ. ಮಡಿವಾಳೆಪ್ಪ ಸೈಕಲ್ಲಿಗೆ ಕೈ ಹಾಕಿದಾಗ ಮುದಕಪ್ಪ ಅದನ್ನೂ ನೆನಪಿಸಿದ. ಬೇವಿನ ತೊಪ್ಪಲು, ಅರಿಷಿಣ, ಅಕ್ಕಿ, ಖಣ ಎಲ್ಲ ಇಟ್ಟಿದ್ದೇವೆ, ಏನೂ ಕಡಿಮೆ ಮಾಡಿಲ್ಲ ಎಂದು ಧೈರ್ಯವನ್ನೂ ಹೇಳಿದ. ಏನು ಶ್ಯಾಣ್ಯಾ ಅದೀಯಲೇ ಮಡಿವಾಳೆಪ್ಪ, ಎಂದು ಗ್ರಾಮಸೇವಕ ತನ್ನನ್ನು ತಾನೇ ಹೊಗಳಿಕೊಂಡ.

ಆದರೂ ಮರುದಿನ ಸೈಕಲ್ಲು ಹತ್ತಿದ. ಮುಂದಿನೂರು ಕೆಂಚಗೋಳ. ಅಲ್ಲಿಯ ಗ್ರಾಮಸೇವಕ ಶಂಕ್ರಪ್ಪನ ಮುಖದಲ್ಲಿ ಮದುವೆಯ ಕಳೆ. ಒಂದು ಸೆಲ್ಲೂ ಕೂಡದೆ ನೌಕರಿ ಹೋಯಿತೆಂದು ಕೂತವನಿಗೆ ಗಡಿಯಲ್ಲಿ ಒಂದು ಚಕ್ಕಡಿ ತುಂಬ ಕಸ ತಾನಾಗಿ ಬಂದು ನಿಂತಿತ್ತು. ಅದನ್ನು ಕೆಂಚಗೋಳದ ಸಂಗ್ರಹವೆಂದು ಮೇಲಕ್ಕೆ ತಿಳಿಸಿಯೂ ಆಗಿತ್ತು. ಊರವರು ತಮ್ಮ ಕಡೆಯ ನಾಲ್ಕು ಸತ್ತ ಸೆಲ್ಲು ಸೇರಿಸಿ, ಹುಣಸಿಗಟ್ಟಿಯ ಗಡಿಗೆ ಮುಟ್ಟಿಸಿಯೂ ಆಗಿತ್ತು.

ಮಡಿವಾಳೆಪ್ಪ ಹುಣಸಿಗಟ್ಟಿಗೆ ಹೋದರೆ ಚಕ್ಕಡಿ ಅದರ ಮುಂದಿನೂರಿಗೆ ಹೋಗಿತ್ತು. ಅಲ್ಲಿಗೆ ಹೋದರೆ ಅಲ್ಲಿಂದಲೂ. ಹೋದಲ್ಲೆಲ್ಲ ಗ್ರಾಮಸೇವಕರು ಚಹಾ ಕುಡಿಸಿ, ಅವನ ಕೈ ಕುಲುಕಿ, ಇಂಥ ಯೋಜನೆ ಹಿಂದೆ ಬಂದಿರಲಿಲ್ಲ ಎಂದರು. ಹುಣಸಿಗಟ್ಟಿಯಲ್ಲಿ ರಜಿಯಾಬಿ ಎಂಬ ಹೆಂಗಸು, ಚಕ್ಕಡಿಯ ನೆತ್ತಿಯ ಮೇಲೆ ಕೂತ ರೇಡಿಯೋ ನಡುದಾರಿಯಲ್ಲಿ ದನಿ ಕುಗ್ಗಿಸಿತ್ತೆಂದೂ, ತಾನು ಅಂಗಡಿಯಿಂದ ಹೊಸ ಸೆಲ್ಲು ತಂದು ಹಾಕಿದೆನೆಂದೂ ಹೇಳಿದಳು.

"ಯಾರ ಮನಿ ಹೆಣ್ಣುಮಗಳ ಸಾಮಾನೋ ಏನೋ. ಉಡಿ ತುಂಬಲಾರದ ಹೆಂಗ ಕಳಸೂದ್ರಿ?"

ಮಡಿವಾಳೆಪ್ಪನ ಕಣ್ಣು ತುಂಬಿ ಬಂದವು. ರೇಡಿಯೋ ಜೀವಂತವಿದೆ, ಹಾಡುತ್ತಿದೆ, ಊರೂರಿಗೆ ಉಡಿ ತುಂಬಿಸಿಕೊಳ್ಳುತ್ತ ತಿರುಗುತ್ತಿದೆ. ಅವನ ಮನೆಯೊಂದರಲ್ಲಿ ಮಾತ್ರ ಇಲ್ಲ.

ಕೊನೆಗೆ ಸಾಹೇಬರ ಮುಂದೆ ನಿಂತ. ಕಸದ ಅಭಾವವಿದ್ದ ತಾಲೂಕಿನಿಂದ ಊರಿಗೊಂದು ಚಕ್ಕಡಿಯಂತೆ ಕಸ ಬಂದ ವರದಿಗಳು ಮೇಜಿನ ಮೇಲಿದ್ದವು. ಸಾಹೇಬರು ಪ್ರಸನ್ನರಾಗಿದ್ದರು. ರೇಡಿಯೋ ಹಿಂದಿರುಗಿಸಬೇಕೆಂದು ಮಡಿವಾಳೆಪ್ಪ ಕೈ ಮುಗಿದ.

"ರೇಡಿಯೋ ಕೆಟ್ಟಿತ್ತೋ ಇಲ್ಲೋ?"

"ಕೆಟ್ಟಿಲ್ರಿ. ಚಲೋ ಹಾಡತೈತಿ."

"ಕೆಟ್ಟದ್ದು ಅಂತ ಬೆನ್ನ ಮ್ಯಾಲೆ ಬರದವರು ಯಾರು?"

"ನಾನಽ ರೀ."

"ಹಂಗಾರ ಎರಡರಾಗ ಒಂದು ಕೆಟ್ಟಿರಬೇಕು. ರೇಡಿಯೋ ಕೆಟ್ಟಿದ್ದರ ಅದನ್ನ ತಿರುಗಿ ಕೊಡಾಕ ನಿಯಮ ಇಲ್ಲ. ನೀ ಕೆಟ್ಟಿದ್ದರ ನಿನ್ನ ಮನಿಗೆ ಕಳಸಾಕ ನಿಯಮ ಐತಿ. ಯಾವುದು ಬರಕೊಳ್ಳಲಿ?"

ಸಂಗ್ರಹಿಸಿದ ವಸ್ತುವನ್ನು ಹಿಂದಿರುಗಿಸಬಾರದೆಂದು ಸರಕಾರ, ಚಕ್ಕಡಿಯಿಂದ ಕಡ್ಡಿ ತೆಗೆಯಬಾರದೆಂದು ತಾಯಿ. ಇಬ್ಬರೂ ಒಂದೇ ಮಾತು ಆಡಿದ್ದು ಆ ಸೀಮೆಯ ಇತಿಹಾಸದಲ್ಲಿ ಅದೇ ಮೊದಲು. ಎದುರಾಡಲು ಮಡಿವಾಳೆಪ್ಪ ಯಾವ ದೊಡ್ಡವ? ರೇಡಿಯೋ ಕೆಟ್ಟಿದೆ ಎಂದ.

ಗಡಿಯಿಂದ ಗಡಿಗೆ ಹೋದದ್ದು ಎಲ್ಲಿಗೆ ಹೋದೀತು? ಹೊಲದೊಳಗೆ ಕಡಲಿ ಬೆಳೆ ಕೀಳುವ ಹೊತ್ತಿಗೆ ಚಕ್ಕಡಿ ಊರುಗಳನ್ನೆಲ್ಲ ಸುತ್ತಿ, ಎರಿಹಾಳದ ಇನ್ನೊಂದು ಗಡಿಯಲ್ಲಿ ಬಂದು ನಿಂತಿತು. ಹೋದಾಗಿನ ಎರಡರಷ್ಟಾಗಿತ್ತು. ಅರಿಷಿಣ ನೀರು ಬಿದ್ದು ಬಿದ್ದು ರೇಡಿಯೋದ ಬೆನ್ನ ಮೇಲಿನ ಬಣ್ಣ ಅಳಿಸಿ, 'ಕೆಟ್ಟ ಗ್ರಾಮಸೇವಕ, ಎರಿಹಾಳ' ಎಂಬಷ್ಟು ಉಳಿದಿತ್ತು. ಇದರಿಂದ ವಿಳಾಸ ಹಿಡಿಯುವುದು ಎಲ್ಲರಿಗೂ ಸುಲಭವಾಯಿತು.

ತಾಲೂಕಿನ ಸಾಧನೆಯನ್ನು ಗೌರವಿಸಲು ಸಾಹೇಬರು ಎರಿಹಾಳಕ್ಕೇ ಬಂದರು. ಚಾವಡಿಯ ಮುಂದೆ ಚಕ್ಕಡಿ ನಿಲ್ಲಿಸಿ ಮಡಿವಾಳೆಪ್ಪನಿಗೆ ಶಾಲು ಹೊದಿಸುವಾಗ, ಕಸದ ನೆತ್ತಿಯ ಮೇಲಿಂದ ರೇಡಿಯೋ ಬೀಸುಕಲ್ಲಿನ ಪದ ಹಾಡತೊಡಗಿತು. ಸಾಹೇಬರ ಕೈ ಶಾಲಿನಲ್ಲಿಯೇ ನಿಂತಿತು.

"ಏನದು ಸಪ್ಪಳ?"

ಮಡಿವಾಳೆಪ್ಪ ಹೆಂಗಸರ ನಡುವೆ ನಿಂತ ಶಿವಗಂಗವ್ವನನ್ನು ನೋಡಿದ. ಅವಳ ತುಟಿ ಹಾಡಿನ ಸಂಗಡ ಅಲುಗುತ್ತಿತ್ತು. ಎಷ್ಟು ಕಾಲವಾಗಿತ್ತು ಆ ತುಟಿ ಅಲುಗಿ! ಹಾಡುತ್ತಿದೆ ಎಂದರೆ ನೌಕರಿ ಹೋಗುತ್ತದೆ; ಇಲ್ಲವೆಂದರೆ ಅವಳು ಕೇಳಿಸಿಕೊಳ್ಳುತ್ತಿರುವುದೇನು?

"ಯಾವ ಸಪ್ಪಳ್ರಿ? ಕೆಟ್ಟ ರೇಡಿಯೋ ಅದು," ಎಂದ.

ಸಾಹೇಬರು ಮುದಕಪ್ಪನನ್ನು ಕೇಳಿದರು. ಮುದಕಪ್ಪ ಕಿವಿಗೆ ಕೈ ಹಚ್ಚಿ, ತನಗೆ ಹಾಡು ಕೇಳಿಸುತ್ತಿಲ್ಲ, ಹೇಳುವವಳ ದನಿ ಮಾತ್ರ ಅಗದಿ ಇಂಪಾಗಿದೆ ಎಂದ. ಸಾಹೇಬರು ಅದನ್ನು ಸರ್ವಾನುಮತವೆಂದು ಪರಿಗಣಿಸಿ ಶಾಲು ಪೂರ್ತಿ ಹೊದಿಸಿದರು. ಅಲ್ಲೇ ತಿದ್ದುಪಡಿಯನ್ನೂ ಪ್ರಕಟಿಸಿದರು: ಕಸವನ್ನು ಲಾರಿಯಲ್ಲಿ ಒಯ್ದರೆ ಬರುವ ವರ್ಷದ ಸಂಗ್ರಹಕ್ಕೆ ಧಕ್ಕೆ ಬರುವುದರಿಂದ ಲಾರಿಯನ್ನು ರದ್ದುಪಡಿಸಲಾಗಿದೆ; ಸದರಿ ಕಸವು ಊರಿಂದೂರಿಗೆ ಶಾಶ್ವತವಾಗಿ ಸಂಚರಿಸತಕ್ಕದ್ದು; ಅದುವೇ ಪುನರ್ಬಳಕೆ.

ಶಿವಗಂಗವ್ವ ಮುಂದೆ ಬಂದಳು. ಚಕ್ಕಡಿಯ ಗಾಲಿ ಹತ್ತಿ, ರೇಡಿಯೋದ ಅಂಗಿಯ ಧೂಳು ಸೆರಗಿನಿಂದ ಒರೆಸಿದಳು. ಆಮೇಲೆ ಎಲ್ಲರ ಎದುರಿಗೇ ಗಂಡನಿಗೆ ಬಾಯಿ ಬಿಟ್ಟಳು.

"ಎಷ್ಟ ಸೊರಗೀರಿ! ನಾ ಮಾಡಿ ಹಾಕಿದ್ದ ರೊಟ್ಟಿ ನಾಯಿಗೆ ಹಾಕಿರೇನು?"

ಮಡಿವಾಳೆಪ್ಪ ಶಾಲಿನೊಳಗೆ ಮುಖ ಮುಚ್ಚಿಕೊಂಡು ಅತ್ತ. ಸನ್ಮಾನಕ್ಕೆ ಹೀಗೆ ಕರಗಿದ ನೌಕರನನ್ನು ತಾವು ಕಂಡಿಲ್ಲವೆಂದು ಸಾಹೇಬರು ಭಾಷಣದಲ್ಲಿ ಹೇಳಿದರು.

ಚಕ್ಕಡಿ ಊರಲ್ಲಿದ್ದಷ್ಟು ಹೊತ್ತು ಶಿವಗಂಗವ್ವ ಬೈದಳು, ನಕ್ಕಳು, ತವರಿನ ಸುದ್ದಿಯೆಲ್ಲ ಹೇಳಿದಳು. ಆಮೇಲೆ ತಾನೇ ಹೊಸ ಸೆಲ್ಲು ಹಾಕಿ, ಉಡಿ ತುಂಬಿ, ಕೆಂಚಗೋಳದ ಗಡಿಗೆ ಕಳಿಸಿಕೊಟ್ಟು, ತಿರುಗಿ ನೋಡದೆ ಮನೆಗೆ ಬಂದು ಬಾಯಿ ಮುಚ್ಚಿದಳು. ಆಡಿದ ಮಾತಿಗೆ ತಪ್ಪುವ ಮನೆತನ ಅವಳದಲ್ಲ.

ಈಗ ಅದೇ ಪದ್ಧತಿಯಾಗಿದೆ. ಇನ್ನೊಂದು ಗಡಿಯಲ್ಲಿ ಹಾಡು ಕೇಳಿಸಿತೆಂದು ತಿರಕಪ್ಪ ಬಂದು ಹೇಳಿದೊಡನೆ ಮಡಿವಾಳೆಪ್ಪ ಕಚೇರಿಗೆ ರಜೆ ಕೇಳಿ ಬರೆಯುತ್ತಾನೆ. ಕಾರಣ: 'ಹೆಂಡತಿ ಮಾತಾಡುವವಳಿರುವುದರಿಂದ.' ಸಾಹೇಬರು ಮೊದಲ ಸಲ ಹುಬ್ಬೇರಿಸಿದ್ದರು. ಈಗ ಸುಮ್ಮನೆ ಮಂಜೂರು ಮಾಡುತ್ತಾರೆ.