ತಳ ಹತ್ತದ ಅನ್ನ

ಚಲುವರಾಜು ಒಲೆ ಮೇಲಿಟ್ಟ ಅನ್ನಕ್ಕೆ ತಳ ಹತ್ತದೆ ಇದ್ದ ದಿನವೇ ಇಲ್ಲ. ಇದೊಂದೇ ಕಾರಣಕ್ಕೆ ಕೋಟೆ ಪಟ್ಟಣದ ಮೆಸ್ಸಿನವರು ಅವನನ್ನು ಬಿಡಿಸಿದ್ದರು, ಹುಣಸೂರಿನ ಹೋಟೆಲಿನವರೂ ಬಿಡಿಸಿದ್ದರು. ಈಗ ಬೀಚನಹಳ್ಳಿ ಹತ್ತಿರದ ರೆಸಾರ್ಟಿನ ಅಡುಗೆಮನೆಯಲ್ಲಿದ್ದ. ಮ್ಯಾನೇಜರ್ ಜವರಯ್ಯ ಮೊದಲೇ ಹೇಳಿದ್ದರು, "ಇನ್ನೊಂದು ಪಾತ್ರೆ ಸೀಸುದ್ರೆ ಸೀದಾ ಮನೆಗೆ ಕಣಯ್ಯ."

ಅಂಥ ಅಡುಗೆಮನೆಗೆ ಆವತ್ತು ಅಲ್ಮಾಸ್ ಮೇಡಂ ಬಂದರು. ಕೋಟೆ ಬಸ್ ಸ್ಟ್ಯಾಂಡಿನ ಹಿಂದೆ ಹುಟ್ಟಿದ ಹೆಣ್ಣುಮಗಳು. ಇರಾನಿಗೆ ಹೋಗಿ ಅಲ್ಲಿನ ಅಜ್ಜಿಯರ ಒಲೆ ಮುಂದೆ ವರ್ಷಗಟ್ಟಲೆ ಕೂತು ಕಲಿತು, ಆ ಅಡುಗೆಯ ಮೇಲೇ ಮೂರು ಪುಸ್ತಕ ಬರೆದವರು. ನಾಲ್ಕನೆಯದಕ್ಕೆ ಫೋಟೋ ತೆಗೆಯೋದು ಹುಟ್ಟಿದೂರಿನ ಹತ್ತಿರವೇ ಆಗಲಿ ಅಂತ ಬಂದಿದ್ದರು. ಅವರ ಪುಸ್ತಕ ಮುಟ್ಟುವ ಮೊದಲು ಚಲುವರಾಜು ಎರಡು ಸಲ ಕೈ ತೊಳೆದಿದ್ದ.

ಮೇಡಂ ಅರೆಬೆಂದ ಅಕ್ಕಿ ಬಸಿದು, ತುಪ್ಪ ಕೇಸರಿ ಹಾಕಿದ ಪಾತ್ರೆಯಲ್ಲಿ ಬೆಟ್ಟದಂತೆ ಪೇರಿಸಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ ಮುಚ್ಚಿದರು. ಚಲುವರಾಜು ದೇವರ ಅಭಿಷೇಕ ನೋಡುವವನಂತೆ ಕೈಕಟ್ಟಿ ನಿಂತಿದ್ದ.

"ಉರಿ ನೋಡ್ಕೊಳಪ್ಪ. ಮುಚ್ಚಳ ಮಾತ್ರ ತೆಗೀಬೇಡ," ಎಂದು ಹೇಳಿ ಅವರು ಅತಿಥಿಗಳ ಕಡೆ ಹೋದರು.

ಸ್ವಲ್ಪ ಹೊತ್ತಿಗೆ ವಾಸನೆ ಬಂತು. ತರಕಾರಿ ಹೆಚ್ಚುತ್ತಿದ್ದ ಸುನಂದಮ್ಮ ಮೂಗು ಎತ್ತಿದಳು. "ತಳ ಹತ್ತಾದೆ ಕಣ್ಲಾ!"

"ಮುಟ್ಬ್ಯಾಡ ಅಂದವ್ರಲ್ಲಕ್ಕ..."

"ಮೇಡಂ ಕೆಟ್ಟೆಸ್ರು ತಕ್ಕೋತಾರಾ? ನಿನ್ ತಲೆಗೇ ಬರೋದು," ಎಂದ ಪಾತ್ರೆ ತೊಳೆಯುವ ಮಂಟಯ್ಯ. "ಒಂದು ಲೋಟ ನೀರು ಉಯ್ದು ತಿರುವು."

ಅಷ್ಟು ದೊಡ್ಡವರ ಮರ್ಯಾದೆ ತನ್ನ ಕೈಯಲ್ಲಿದೆ ಅನ್ನಿಸಿ ಚಲುವರಾಜು ಮುಚ್ಚಳ ತೆಗೆದ. ನೀರು ಹುಯ್ದ, ತಿರುವಿದ. ವಾಸನೆ ಹೋಯಿತು. ಒಂದು ಅಗುಳೂ ಸೀದಿರಲಿಲ್ಲ!

ಮೇಡಂ ಬಂದು ಕ್ಯಾಮೆರಾ ಮುಂದೆ ದೊಡ್ಡ ತಟ್ಟೆಗೆ ಪಾತ್ರೆ ಬೋರಲು ಹಾಕಿದರು. ಬೆಳ್ಳಗೆ ಒಂದು ಮುದ್ದೆ ಬಿತ್ತು.

"ತಳ ಎಲ್ಲಿ?"

"ಹತ್ತಕ್ಕೇ ಬುಡ್ಲಿಲ್ಲ ಮೇಡಂ!" ಎಂದ ಚಲುವರಾಜು, ಎದೆಯುಬ್ಬಿಸಿ.

ಮೇಡಂ ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟರು. "ಆ ಹತ್ತಿದ ತಳಕ್ಕೇ ಕಣಪ್ಪ ಇರಾನಿನಲ್ಲಿ ನೆಂಟರೆಲ್ಲ ಕಿತ್ತಾಡೋದು. ಬಂಗಾರದ ಬಣ್ಣ, ಹಪ್ಪಳದ ಹಾಗೆ ಗರಿಗರಿ. ನನ್ನ ಪುಸ್ತಕದ ಮುಖಪುಟಾನೇ ಅದು."

ಪಕ್ಕದಲ್ಲೇ ನಿಂತಿದ್ದ ಜವರಯ್ಯನವರ ಮುಖ ಕೆಂಪಾಯಿತು. ಆಗ ಮಂಟಯ್ಯ ಅಡ್ಡ ಬಂದ. "ಮೇಡಂ, ತಳ ಹತ್ಸೋದ್ರಲ್ಲಿ ಇವನನ್ನ ಮೀರ್ಸೋರು ಈ ತಾಲೂಕಲ್ಲೇ ಇಲ್ಲ! ಎಲ್ಡು ಕಡೆ ಅದ್ಕೇ ಕೆಲ್ಸ ಕಳ್ಕೊಂಡವ್ನೆ."

ಮೇಡಂ ಕಣ್ಣರಳಿಸಿದರು. "ಹೌದಾ? ಹಾಗಾದ್ರೆ ಇನ್ನೊಂದು ಪಾತ್ರೆ ನೀನೇ ಇಡು. ಚೆನ್ನಾಗಿ ಬಂದ್ರೆ ಪುಸ್ತಕದಲ್ಲಿ ನಿನ್ನ ಹೆಸರು ಹಾಕ್ತೀನಿ."

ಪುಸ್ತಕದಲ್ಲಿ ಹೆಸರು! ಚಲುವರಾಜುವಿನ ಕಾಲು ನೆಲದ ಮೇಲಿರಲಿಲ್ಲ. ಮೇಡಂ, ಮ್ಯಾನೇಜರ್, ಕ್ಯಾಮೆರಾದವರು ಎಲ್ಲರೂ ಒಲೆ ಸುತ್ತ ನಿಂತರು. ಅವನು ರೆಪ್ಪೆ ಬಡಿಯದೆ ಪಾತ್ರೆ ಕಾದ. ಕೊನೆಗೆ, ತಳ ಹತ್ತುವ ಮೊದಲ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷ ತಿಂದ ಬೈಗುಳವೆಲ್ಲ ಒಟ್ಟಿಗೆ ನೆನಪಾಗಿ, ಅವನ ಕೈ ಅವನನ್ನು ಕೇಳದೆಯೇ ಒಲೆ ಆರಿಸಿಬಿಟ್ಟಿತು.

ಬೋರಲು ಹಾಕಿದರೆ ಮಲ್ಲಿಗೆಯಂಥ ಅನ್ನ.

"ಸೀಸ್ಬ್ಯಾಡ ಅಂದಾಗ ಸೀಸ್ತೀಯ, ಸೀಸು ಅಂದ್ರೆ ಸೀಸಲ್ಲ! ನಡಿ ಮನೆಗೆ," ಎಂದರು ಜವರಯ್ಯ.

ಸಂಜೆ ಮನೆಯಲ್ಲಿ ಅನ್ನಕ್ಕಿಟ್ಟು ಚಲುವರಾಜು ಹೆಂಡತಿ ರಮ್ಯಾಳಿಗೆ ನಡೆದದ್ದನ್ನೆಲ್ಲ ಹೇಳುತ್ತ ಕೂತ. ಮೇಡಂ ಅವರ ಕೈಚಳಕ ಹೇಳುವಾಗ ಕಣ್ಣು ತುಂಬಿ ಬಂತು, ಒಲೆ ಮರೆತೇಹೋಯಿತು. ನೆನಪಾಗಿ ಓಡಿಹೋಗಿ, ಮೇಡಂ ಮಾಡಿದ ಹಾಗೇ ಪಾತ್ರೆ ತಟ್ಟೆಗೆ ಬೋರಲು ಹಾಕಿದ. ತಟ್ಟೆಯ ತುಂಬ, ಎಲ್ಲೂ ಮುರಿಯದೆ, ಬಂಗಾರದ ಬಣ್ಣದ ಗರಿಗರಿ ತಳ! ಚಲುವರಾಜು ಕೈಮುಗಿದು ನಿಂತ. ಫೋಟೋ ತೆಗೆಯೋಣವೆಂದು ಮೊಬೈಲು ತರಲು ಒಳಗೋಡಿದ.

"ಅಯ್ಯೋ, ಇವತ್ತೂ ತಳ ಹತ್ತಿಸ್ಬುಟ್ರಾ!" ಎನ್ನುತ್ತ ರಮ್ಯಾ ತಟ್ಟೆ ಎತ್ತಿಕೊಂಡು ಹೋಗಿ ಹಸುವಿನ ಬಕೆಟ್ಟಿಗೆ ಸುರಿದಳು.

ಅವನು ಹೊರಗೆ ಬರುವಷ್ಟರಲ್ಲಿ ಹಸು ಕಣ್ಣು ಮುಚ್ಚಿಕೊಂಡು ಕರುಂಕುರುಂ ಎಂದು ಅಗಿಯುತ್ತಿತ್ತು.