ಕಂಡಕ್ಟರ್ ಕಟ್ಟಿದ ಹಕ್ಕಿಮನೆ

ಒಂಟಿ ಗಂಡಸು ಹಿತ್ತಲಲ್ಲಿ ಸುತ್ತಿಗೆ ಹಿಡಿದು ಕೂತರೆ ಒಂದಲ್ಲ ಒಂದು ಫಜೀತಿ ಆಗೇ ಆಗುತ್ತೆ. ನನ್ನ ಹಿತ್ತಲಲ್ಲಂತೂ ಫಜೀತಿಗೆ ರಜೆಯೇ ಇಲ್ಲ.

ನಾನು ಹುಳಿಯಾರು-ತಿಪಟೂರು ರೂಟಿನಲ್ಲಿ ಜೀವಮಾನವೆಲ್ಲ ಕಂಡಕ್ಟರ್ ಆಗಿದ್ದವನು. "ಹಂದನಕೆರೆ ಯಾರ್ರೀ, ಇಳೀರಿ ಬೇಗ" ಅಂತ ಕೂಗಿ ಕೂಗಿ ಗಂಟಲು ಒಡೆದುಹೋಗಿದೆ. ರಿಟೈರ್ ಆದ ವರ್ಷವೇ ಹೆಂಡತಿ ತೀರಿಕೊಂಡಳು. ಮಕ್ಕಳಿಲ್ಲ. ಬಸ್ಸಿನ ತುಂಬ ಗಲಾಟೆ ಕೇಳಿದ ಕಿವಿಗೆ ಈಗ ತಿಪಟೂರಿನ ಮನೆಯಲ್ಲಿ ಕೇಳೋದು ಫ್ರಿಜ್ಜಿನ ಗುರ್ ಗುರ್ ಒಂದೇ. ಅದೂ ಆಗಾಗ ನಿಂತುಬಿಡುತ್ತೆ. ಆಗ ಎದೆ ಧಸಕ್ಕನ್ನುತ್ತೆ. ಯಾವುದಾದರೂ ಒಂದು ಜೀವ ಬಂದು ಹಿತ್ತಲಲ್ಲಿ ನೆಲೆಸಲಿ, ಬೆಳಗಾದರೆ ನನ್ನ ಕೆಮ್ಮು ಬಿಟ್ಟು ಇನ್ಯಾರದ್ದೋ ಸದ್ದು ಕೇಳಲಿ ಅಂತ ಹಕ್ಕಿಗೆ ಮರದ ಗೂಡು ಮಾಡೋಕೆ ಕೂತೆ.

೧. ಹಿಂದಿನ ಬಾಗಿಲು

ಮುರಿದ ಮಂಚದ ಹಲಗೆ ಕೊಯ್ದು ಮೊದಲನೇ ಗೂಡು ಮಾಡಿದೆ. ಸೂರು ಇಳಿಜಾರು, ಮುಂದೆ ಕೂರೋಕೊಂದು ಕಡ್ಡಿ, ಎಲ್ಲ ಸೊಗಸಾಗಿ ಬಂತು. ಬೇಲಿ ಪಕ್ಕದ ನುಗ್ಗೆ ಮರಕ್ಕೆ ಕಟ್ಟಿ ದಿನವೂ ಕಾದೆ. ಗುಬ್ಬಿಗಳು ಬರೋವು, ಒಳಗೆ ಇಣುಕೋವು, ಹೋಗೋವು. ನನ್ನ ಮುಖ ನೋಡಿಯೇ ಹೋಗ್ತಾವೇನೋ ಅಂತ ಬೇಜಾರಾಗಿ ಬಾಗಿಲ ಹಿಂದೆ ಬಚ್ಚಿಟ್ಟುಕೊಂಡೂ ನೋಡಿದೆ.

ಎದುರು ಮನೆಯವರು ಕೊಬ್ಬರಿ ವ್ಯಾಪಾರದ ಸಾವ್ಕಾರರು. ಮಂಡಿಯಲ್ಲಿ ಕೊಬ್ಬರಿ ಮೂಸಿ ನೋಡಿದ ಹಾಗೆ ಗೂಡನ್ನು ಮರದಿಂದ ಬಿಚ್ಚಿ ಮೂಗಿನ ಹತ್ತಿರ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕಂಡಕ್ಟ್ರೇ, ಹಿಂದ್ಗಡೇನೂ ಒಂದು ತೂತು ಮಡಗಿದ್ದೀರಲ್ಲ, ಯಾಕ್ರೀ?"

"ಮುಂದಿಂದು ಹತ್ತೋಕೆ, ಹಿಂದಿಂದು ಇಳಿಯೋಕೆ," ಅಂದೆ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

"ಅದಕ್ಕೇ ಕಣ್ರೀ ಅವು ಹತ್ತಿದ್ದು ಹತ್ತಿದಂಗೇ ಇಳಿದು ಹೋಗ್ತಾವೆ. ವಿಷ್ಲು ಒಂದು ಊದಿಬುಡಿ, ಎಲ್ಲಾ ಸರಿಹೋಗ್ತದೆ!"

೨. ಒಳಗೆ ಯಾರೂ ಇರಲಿಲ್ಲ

ಎರಡನೆಯದಕ್ಕೆ ಒಂದೇ ಬಾಗಿಲು ಇಟ್ಟೆ. ಬೆಕ್ಕಿನ ಕಾಟ ಬೇಡ ಅಂತ ತೆಂಗಿನ ಮರದ ಮೇಲೆ, ಕೈಗೆಟುಕದಷ್ಟು ಎತ್ತರದಲ್ಲಿ ಕಟ್ಟಿಸಿದೆ. ತೆಂಗಿನ ಸೀಮೆಯಲ್ಲಿ ಹುಟ್ಟಿದ ಯಾವನಾದರೂ ತೆಂಗಿನ ಮರದ ಕೆಳಗೆ ಹೊಸ ಸೈಕಲ್ ಕೂಡ ನಿಲ್ಲಿಸಲ್ಲ. ನನಗೆ ಮಾತ್ರ ಅವತ್ತು ಬುದ್ಧಿ ಎಲ್ಲಿ ಹೋಗಿತ್ತೋ!

ಕಾಯಿ ಕೆಡವೋನು ಬಂದ. ಮರ ಹತ್ತೋಕೆ ಮುಂಚೆಯೇ ಅವನ ಕೈಗೆ ಕಾಫಿ ಕೊಟ್ಟು, "ಗೂಡು ಐತೆ ಕಣಪ್ಪಾ, ಹುಷಾರು," ಅಂತ ಬೇಡಿಕೊಂಡೆ. ಪಾಪ, ಅವನೂ ಹುಷಾರಾಗೇ ಇದ್ದ. ಗೊನೆಯನ್ನು ಆಚೆ ಕಡೆಗೇ ತಳ್ಳಿದ. ಆದರೆ ಗೊನೆಯಿಂದ ಕಳಚಿಕೊಂಡ ಒಂದೇ ಒಂದು ಕಾಯಿ ನೆಟ್ಟಗೆ ಗೂಡಿನ ಸೂರಿನ ಮೇಲೇ ಬಿತ್ತು. ಹಲಗೆ ಚೂರು ಚೂರಾಗಿ ಬಾವಿಕಟ್ಟೆವರೆಗೂ ಹಾರಿತು.

ಅವನು ಮರದ ಮೇಲಿಂದಲೇ ಸಮಾಧಾನ ಹೇಳಿದ: "ಹೋಗ್ಲಿ ಬುಡಿ ಅಣ್ಣ, ಸದ್ಯ ಒಳಗೆ ಯಾರೂ ಇರ್ಲಿಲ್ವಲ್ಲ!"

ನಾನು ಕೆಳಗಿಂದ ಕೂಗಿದೆ: "ನನ್ನ ಕಷ್ಟಾನೇ ಅದು ಕಣಯ್ಯಾ!"

೩. ಬಣ್ಣ ಉಳಿದಿದ್ದರಿಂದ

ಮೂರನೆಯದಕ್ಕೆ ಬಣ್ಣ ಹೊಡೆದೆ. ಮನೆಯಲ್ಲಿ ಉಳಿದಿದ್ದ ಡಬ್ಬಿಗಳು ಎರಡೇ, ಒಂದು ಕೆಂಪು, ಒಂದು ಬಿಳಿ. ಪಟ್ಟೆ ಪಟ್ಟೆಯಾಗಿ ಬಳಿದು ರಸ್ತೆ ಕಡೆ ಬೇವಿನ ಮರದ ಬುಡದಲ್ಲಿ ಒಣಗಲಿ ಅಂತ ಇಟ್ಟು ಸಂತೆಗೆ ಹೋದೆ.

ಸಂತೆಯಿಂದ ಬಂದು ನೋಡುತ್ತೇನೆ, ಗೂಡಿನ ನೆತ್ತಿಗೆ ಅರಿಶಿನ ಕುಂಕುಮ, ಮುಂದಿನ ಕಡ್ಡಿಗೆ ಸೇವಂತಿಗೆ ಹೂವು, ಕೆಳಗೆ ಒಡೆದ ತೆಂಗಿನಕಾಯಿ. ಒಬ್ಬ ಹೆಂಗಸು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಾಳೆ. ಅವಳ ಹಿಂದೆ ಇನ್ನೊಬ್ಬಳು ಊದುಬತ್ತಿ ಹಿಡಿದು ಕಾಯ್ತಿದ್ದಾಳೆ.

"ಅಮ್ಮಾ, ಇದು ಗುಡಿಯಲ್ಲ ಕಣಮ್ಮ. ಗುಬ್ಬಿಗೆ ಅಂತ ಮಾಡಿದ ಗೂಡು," ಅಂದೆ.

ಅವಳು ಒಂದೇ ಕಣ್ಣು ತೆರೆದು ನನ್ನನ್ನು ನೋಡಿದಳು. "ಈಗ ಹೇಳ್ತೀರಲ್ಲ ಯಜಮಾನ್ರೇ? ಆಗ್ಲೇ ಹರಕೆ ಹೊತ್ಕಂಡಾಯ್ತು. ನೀವು ಸ್ವಲ್ಪ ಅತ್ಲಾಗೆ ನಿಂತ್ಕಳಿ, ಬಾಗ್ಲಿಗೆ ಅಡ್ಡ ಬತ್ತೀರ!"

ಆ ವಾರವೆಲ್ಲ ಹಕ್ಕಿಯ ಸುಳಿವಿಲ್ಲ. ಚಟ್ನಿಗೆ ಕಾಯಿ ಮಾತ್ರ ತಪ್ಪಲಿಲ್ಲ.

೪. ಕೊನೆಗೂ ಒಂದು ಬಂತು

ಗುಬ್ಬಿಯೇ ಬರಬೇಕು ಅನ್ನೋ ಹಟ ಬಿಟ್ಟೆ. ಯಾರು ಬಂದರೂ ಸರಿ ಅಂತ ನಾಲ್ಕನೇ ಗೂಡಿನ ಬಾಗಿಲನ್ನು ದೊಡ್ಡದಾಗಿಯೇ ಕೊರೆದು, ಹಿತ್ತಲ ಜಗುಲಿಯ ಸೂರಿನ ಕೆಳಗೆ ತೂಗುಹಾಕಿದೆ. ಒಂದು ಸಂಜೆ ನೋಡ್ತೀನಿ, ಆ ಬಾಗಿಲಲ್ಲಿ ಒಂದು ಗುಂಡು ಮುಖ! ಹಳದಿ ಕಣ್ಣು ಬಿಟ್ಟುಕೊಂಡು, ಟಿಕೆಟ್ ತಗೊಳ್ಳದೆ ಸಿಕ್ಕಿಬಿದ್ದವನ ಥರ ನನ್ನನ್ನೇ ನೋಡುತ್ತಿದೆ. ಪುಟ್ಟ ಗೂಬೆ.

ಸಂತೋಷ ತಡೆಯೋಕಾಗದೆ ಬೀದಿಗೆಲ್ಲ ಹೇಳಿಕೊಂಡು ಬಂದೆ. ಅದೇ ಎಡವಟ್ಟಾಗಿದ್ದು. ಮಾರನೇ ಬೆಳಗ್ಗೆ ನನ್ನ ಜಗುಲಿಯಲ್ಲಿ ನಿಲ್ಲೋಕೆ ಜಾಗವಿಲ್ಲ.

"ಗೂಬೆ ಹೊಕ್ಕ ಮನೇಲಿ ಇರಬಾರ್ದು," ಅಂದರು ಒಬ್ಬರು. "ಅದು ಗೂಬೆಯಲ್ಲ ಕಣ್ರೀ, ಹಾಲಕ್ಕಿ. ಹಾಲಕ್ಕಿ ನುಡಿದ್ರೆ ಶುಭ," ಅಂದರು ಇನ್ನೊಬ್ಬರು. ಇಬ್ಬರಿಗೂ ಜಗಳ ಹತ್ತಿತು. ಒಳಗಿದ್ದ ಅಪರಾಧಿ ಆಕಳಿಸಿ ಹಿಂದಕ್ಕೆ ಸರಿದುಕೊಂಡಿತು.

"ಅದು ಹೊಕ್ಕಿರೋದು ಗೂಡಿಗೆ, ಮನೆಗಲ್ವಲ್ಲ," ಅಂತ ನಾನು ವಾದಿಸಿದೆ. "ಗೂಡು ಕಟ್ಟಿದ್ದು ಯಾರು? ನೀವೇ ತಾನೆ? ಹಂಗಾದ್ರೆ ಅದೂ ನಿಮ್ಮನೇನೇ," ಅಂದರು ಸಾವ್ಕಾರರು. ಕೊನೆಗೆ ಅವರದ್ದೇ ಪಂಚಾಯ್ತಿ ನಡೆಯಿತು: "ಮನೆ ಬಿಡೋದು ಬ್ಯಾಡ, ಕಳ್ಳಕಾಕರ ಕಾಟ. ಆದ್ರೆ ಅದು ಇರೋಗಂಟ, ಸೂತಕದ ಮನೇಲಿದ್ದಂಗೆ, ನೀವು ಒಲೆ ಹಚ್ಚಂಗಿಲ್ಲ. ಊಟ ನಾವು ನೋಡ್ಕತೀವಿ."

ಅವತ್ತಿಂದ ಸರದಿ ಮೇಲೆ ಊಟ. ಒಂದು ಮನೆಯಿಂದ ಅವರೆಕಾಳು ಸಾರು, ಇನ್ನೊಂದರಿಂದ ಅಕ್ಕಿರೊಟ್ಟಿ. ತಟ್ಟೆ ತಂದವರು ಸುಮ್ಮನೆ ಹೋಗ್ತಾರೆಯೇ? ಕೂತು ಸೊಸೆಯನ್ನು ಬೈದು, ನನ್ನ ಬಿ.ಪಿ. ವಿಚಾರಿಸಿ, ಗೂಬೆ ಕಡೆ ಒಂದು ಸಲ ಕಣ್ಣು ಹಾಯಿಸಿ ಹೋಗೋರು. ಹೆಂಡತಿ ಹೋದಾಗಲೂ ಹೀಗೇ ಎಲ್ಲರ ಮನೆಯಿಂದ ಊಟ ಬರ್ತಿತ್ತು. ತಿಥಿ ಮುಗೀತು, ನಿಂತುಹೋಯಿತು. ಅವರದೂ ತಪ್ಪಲ್ಲ, ಎಷ್ಟು ದಿನ ಅಂತ ತರ್ತಾರೆ? ಆದರೆ ಆ ನಿಂತ ದಿನ ನಾನು ಎಷ್ಟು ಅತ್ತೆ ಅನ್ನೋದು ನನಗೇ ಗೊತ್ತು. ಅದಕ್ಕೇ ಈಗ ಬೆಳಗ್ಗೆ ಎದ್ದ ತಕ್ಷಣ ಗೂಡಿನ ಮುಂದೆ ನಿಂತು, "ಹೋಗಬೇಡ ಕಣಪ್ಪಾ, ಇನ್ನೊಂದಿಷ್ಟು ದಿನ ಇರು," ಅಂತ ಗೂಬೆಗೆ ಕೈ ಮುಗಿಯೋನು.

ಕೈ ಮುಗಿದಿದ್ದೇ ಬಂತು. ಒಂದು ದಿನ ಏಣಿ ಹಾಕಿ ನೋಡಿದರೆ ಗೂಡು ಖಾಲಿ. ಬಿಸಿಲೇರುವವರೆಗೂ ಜಗುಲಿಯ ಮೇಲೆ ಹಾಗೇ ಕೂತುಬಿಟ್ಟೆ. ಒಳಗೆ ಹೋಗಿ ಕಾಫಿಗಾದರೂ ಒಲೆ ಹಚ್ಚಬಹುದಿತ್ತು. ಕೈಯೇ ಏಳಲಿಲ್ಲ.

ಅವತ್ತು ಸಾವ್ಕಾರರ ಮನೆ ಸರದಿ. ಮಧ್ಯಾಹ್ನ ಅವರ ಹೆಂಡತಿ ಮುದ್ದೆ, ಬಸ್ಸಾರು ತಂದು ಪಕ್ಕಕ್ಕಿಟ್ಟು, "ಐತಾ ಅಣ್ಣ?" ಅಂದರು. ನಾನು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮುದ್ದೆಯನ್ನೇ ನೋಡಿದೆ. ಅವರು ನನ್ನ ಮುಖ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇಡ ಬೇಡ ಅಂದರೂ ಏಣಿ ಹತ್ತಿದರು. ಒಳಗೆ ಇಣುಕಿ, ಕೈ ಹಾಕಿ ಮೂಲೆ ಮೂಲೆ ತಡಕಿದರು. ಒಂದು ಪುಕ್ಕ ಸಿಕ್ಕಿತು. ಅದನ್ನು ನನಗೆ ಕಾಣದ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡು ಇಳಿದರು. ನನಗೆ ಕಂಡಿತು.

"ಉಣ್ಣಿ ಅಣ್ಣ, ಮುದ್ದೆ ಆರಿಹೋಗ್ತದೆ," ಅಂದರು, ಮೆಲ್ಲಗೆ.

ಅಷ್ಟರಲ್ಲಿ ಎದುರು ಮನೆಯಿಂದ ಸಾವ್ಕಾರರು ಕೂಗಿದರು: "ಏನೇ, ಹೋಯ್ತೇನೇ ಅದು?"

ಆಯಮ್ಮ ಇಡೀ ಬೀದಿಗೆ ಕೇಳೋ ಹಾಗೆ ಕೂಗಿ ಹೇಳಿದರು: "ಎಲ್ ಹೋಯ್ತದೆ ಬುಡ್ರಿ! ಜೋಡಿ ಬೇರೆ ಕರ್ಕಂಡ್ ಬಂದೈತೆ, ಮೊಟ್ಟೆ ಬೇರೆ ಇಕ್ಕೈತೆ! ಇನ್ನು ಮರಿ ಆಗಿ, ಅವು ದೊಡ್ಡವಾಗಿ, ಅವಕ್ಕೆ ಮದ್ವೆ ಆಗೋಗಂಟ ಕಂಡಕ್ಟರಣ್ಣ ಒಲೆ ಹಚ್ಚಂಗಿಲ್ಲ!"