ವಲೇರಿಯನ್‌ನ ಕರಿಕೋಟು

ತೊಂದರೆಗೆಲ್ಲ ಮೂಲ ವಲೇರಿಯನ್‌ನ ಮದುವೆಯ ಕರಿಕೋಟು.

ಮಣಿಪಾಲದ ಫಿಲ್ಮ್ ಕ್ಲಬ್ಬಿನಲ್ಲಿ ಅಂದು ಸಂಜೆ ಐದಕ್ಕೆ ಹಳೆಯ ಹಾಲಿವುಡ್ಡಿನ ವೈಭವದ ಒಂದು ಸಿನಿಮಾ. ಉದ್ದುದ್ದ ಕಾರುಗಳು, ಓರೆ ಹ್ಯಾಟುಗಳು, ಸಿಗರೇಟಿನ ಹೊಗೆಯ ನಡುವೆ ಹಾಡುವ ಚೆಲುವೆಯರು. ಒಂದೇ ಆಟ. ಆ ಕಾಲದ ಉಡುಪಿನಲ್ಲಿ ಬಂದವರಿಗೆ ಮಾತ್ರ ಪ್ರವೇಶ. ಬೊಂಬಾಯಿಯಲ್ಲಿದ್ದಾಗ ಊಟ ಬಿಟ್ಟು ಇಂಗ್ಲಿಷ್ ಪಿಕ್ಚರ್ ನೋಡಿದ್ದ ವಲೇರಿಯನ್‌ಗೆ ಇದನ್ನು ತಪ್ಪಿಸಿಕೊಂಡು ಬದುಕುವುದು ಸಾಧ್ಯವೇ ಇರಲಿಲ್ಲ. ಹೊಟ್ಟೆ ಒಳಗೆಳೆದು, ಉಸಿರು ಕಟ್ಟಿ, ಕೋಟಿನ ಗುಂಡಿ ಹಾಕಿ ಎರಡು ಗಂಟೆಗೇ ಹೊರಟ.

ಆದರೆ ಅಂದೇ ಇಗರ್ಜಿಯ ಸ್ಮಶಾನದ ಹುಲ್ಲು ತೆಗೆಯುವ ಸರದಿ ಅವನ ವಾರ್ಡಿನದು, ಅಂದರೆ ಅವನ ಕೇರಿಯ ಕ್ರೈಸ್ತ ಮನೆಗಳದು. ಮೊಣಕಾಲು ನೋವೆಂದು ಬೆಳಿಗ್ಗೆಯೇ ತಪ್ಪಿಸಿಕೊಂಡಿದ್ದ. ಸಂತೆಕಟ್ಟೆಯ ಬಸ್ಸಿಗೆ ಹೋಗುವ ದಾರಿ ಮಾತ್ರ ಸ್ಮಶಾನದ ಗೇಟಿನೆದುರೇ. ವಾರ್ಡಿನ ಮುಂದಾಳು, ಗುರಿಕಾರ ಜೋಕಿಮ್ ಹುಲ್ಲು ಕತ್ತಿ ಹಿಡಿದೇ ಅಡ್ಡ ಬಂದರು. ಕೆಲಸದ ದಿನ ಮಧ್ಯಾಹ್ನ ಕರಿಕೋಟು ಹಾಕಿದರೆ ಅಲ್ಲಿನವರಿಗೆ ಅರ್ಥ ಒಂದೇ.

“ಯಾರು ತೀರಿಕೊಂಡದ್ದು ಮಾರಾಯ?”

ಪಿಕ್ಚರ್ ಎನ್ನಲು ಬಾಯಿ ಬರಲಿಲ್ಲ. “ಕಾಪುವಿನ ಆನಿ ಮಾವ್ಶಿ” ಎಂದುಬಿಟ್ಟ. ತಾಯಿಯ ತಂಗಿ, ಎಂಬತ್ತಾರು ವರ್ಷ. ಯಾರೂ ಸಂಶಯಪಡುವ ವಯಸ್ಸಲ್ಲ.

“ದೇವರೇ! ಒಬ್ಬನೇ ಹೋಗುವುದಾ? ವಾರ್ಡು ಅಂತ ಇರುವುದು ಎಂತಕ್ಕೆ?”

“ಬೇಡ, ನಿಮಗೆ ಹುಲ್ಲಿನ ಕೆಲಸ ಉಂಟಲ್ವಾ?”

“ಹುಲ್ಲು ನಾಳೆಯೂ ಉಂಟು. ಮಾವ್ಶಿ ನಾಳೆ ಇರುವುದಿಲ್ಲ.”

ಒಂದು ಗಂಟೆಯೊಳಗೆ ಹದಿನೆಂಟು ಜನ ಮಿಂದು, ಕರಿಬಟ್ಟೆ ತೊಟ್ಟು, ವ್ಯಾನು ಹತ್ತಿದರು. ‘ಆನಿ ಬಾಯಿಯ ಆತ್ಮಕ್ಕೆ ಚಿರಶಾಂತಿ’ ಎಂದು ರಿಬ್ಬನ್ನಿನಲ್ಲಿ ಬರೆಸಿದ ಹೂವಿನ ಚಕ್ರ ವಲೇರಿಯನ್‌ನ ಮಡಿಲಿಗೆ ಬಂತು. ಕಟಪಾಡಿಯಲ್ಲಿ, ವಾಂತಿ ಬರುತ್ತದೆ, ಇಳಿಯುತ್ತೇನೆ ಎಂದ. ಜೋಕಿಮರ ಹೆಂಡತಿ ಸೋನಿಯಾ ಅವನ ಮೂಗಿಗೆ ಲಿಂಬೆಹಣ್ಣು ಒತ್ತಿ ಹಿಡಿದು ಜಪಮಾಲೆ ಶುರುಮಾಡಿದಳು.

ಕಾಪುವಿನ ಮನೆಗೆ ಬೀಗ. ಪಕ್ಕದ ಮನೆಯ ಅಕ್ಕು ಬೇಲಿಯಿಂದ ಇಣುಕಿದಳು.

“ಆನಿ ಬಾಯಿ ಇಲ್ಲ. ಹಳೇ ಗೌನು ಹಾಕಿ, ಹ್ಯಾಟು ಇಟ್ಟು, ಮಣಿಪಾಲಕ್ಕೆ ಪಿಕ್ಚರ್ ನೋಡಲಿಕ್ಕೆ ಹೋದರು. ಎಂತ, ನೀವೆಲ್ಲ ಕರಿ ಹಾಕಿದ್ದು?”

ಹದಿನೆಂಟು ಮುಖಗಳು ವಲೇರಿಯನ್‌ನತ್ತ ತಿರುಗಿದವು. ಅವನು ಎಲ್ಲ ಒಪ್ಪಿಕೊಂಡ. ಜೋಕಿಮ್ ವಾಚು ನೋಡಿದರು.

“ಎಷ್ಟು ಗಂಟೆಗೆ ಪಿಕ್ಚರ್?”

“ಐದಕ್ಕೆ.”

“ಗಾಡಿ ತಿರುಗಿಸಿ. ಮಿಂದದ್ದು ದಂಡ ಆಗಬಾರದು.”

ಬಾಗಿಲಲ್ಲಿ ನಿಂತಿದ್ದ ಕ್ಲಬ್ಬಿನ ಹುಡುಗಿ ನವ್ಯಶ್ರೀಗೆ ಆ ಕರಿಕೋಟು, ಕರಿಗೌನುಗಳ ಸಾಲು ಕಂಡು ಖುಷಿಯೋ ಖುಷಿ. ಒಬ್ಬೊಬ್ಬರನ್ನೇ ಕೈಮುಗಿದು ಒಳಗೆ ಬಿಟ್ಟಳು. ವ್ಯಾನಿನ ಕೊನೆಯ ಸೀಟಿನಿಂದ ಹೂಚಕ್ರದ ಸಮೇತ ಇಳಿದು ವಲೇರಿಯನ್ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

“ಸಾರಿ ಅಂಕಲ್, ಹೌಸ್‌ಫುಲ್.”

ಎರಡು ಗಂಟೆ ಅವನು ಮೆಟ್ಟಿಲ ಮೇಲೆ ಕೂತು ಒಳಗಿನ ಸಂಗೀತ ಕೇಳಿದ. ಆಟ ಬಿಟ್ಟಾಗ ಇಡೀ ವಾರ್ಡು ಕಣ್ಣೊರೆಸಿಕೊಳ್ಳುತ್ತಾ ಹೊರಬಂತು. ನಡುವೆ ಹ್ಯಾಟಿನ ಆನಿ ಮಾವ್ಶಿ.

“ಅಯ್ಯೋ ಮಗಾ, ಹೊರಗೆ ಎಂತ ಮಾಡ್ತೀ? ಈ ಹೂ ಯಾರಿಗೆ?”

“ನಿಮಗೇ ಮಾವ್ಶಿ” ಎಂದ ವಲೇರಿಯನ್, ಬೇರೆ ದಾರಿ ಕಾಣದೆ.

ಮುದುಕಿಯ ಕಣ್ಣು ತುಂಬಿತು. ಚಕ್ರವನ್ನು ಎದೆಗೊತ್ತಿಕೊಂಡು ರಿಬ್ಬನ್ನನ್ನು ಬೆಳಕಿಗೆ ಹಿಡಿದಳು.

“ಓದುವ ಕನ್ನಡಕ ತರಲಿಲ್ಲ. ಎಂತ ಬರೆಸಿದ್ದೀ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿ ಓದು ಮಗಾ.”